ಪರದೆಯ ಆಚೆಗೆ ಒಯ್ದ ಕಥೆ

ಮೊನ್ನೆ ಖಡಕಿ ಬಾಜಾರದಿಂದ ತಂದ ಮೆಂತ್ಯದ ಕಟ್ಟು ಬಿಚ್ಚಿದೆ. ಬೇರಿಗಂಟಿದ ಹಸಿ ಮಣ್ಣಿನ ವಾಸನೆಯ ಜೊತೆಗೆ ಒಂದು ನರಿ, ಎರಡು ಮೊಲ, ಒಂದು ಮುದಿ ಮೊಸಳೆ ಹೊರಬಂದವು. ಗಾಬರಿಯಾಗಬೇಡಿ. ನಾನು ಬೆಳೆದ ಮನೆಯಲ್ಲಿ ಸೊಪ್ಪು ಸೋಸುವ ಹೊತ್ತೇ ಕಥೆಯ ಹೊತ್ತು. ಕಾಕು, ಎಂದರೆ ಚಿಕ್ಕಪ್ಪನ ಹೆಂಡತಿ, ಹಳೆಯ ಪೇಪರು ಹಾಸಿ, ನನ್ನ ಮುಂದೊಂದು ಹಿಡಿ ಸೊಪ್ಪು ಹಾಕಿ ಶುರು ಮಾಡುತ್ತಿದ್ದಳು. ಕಥೆ ಮುಗಿದರೂ ನನ್ನ ಪಾಲಿನದು ಅರ್ಧವೂ ಆಗಿರುತ್ತಿರಲಿಲ್ಲ. ಉಳಿದದ್ದನ್ನು ಅವಳೇ ಸೋಸುತ್ತಿದ್ದಳು ಎಂದು ಡೈರಿಯಲ್ಲಿ ಬರೆಯಹೊರಟೆ. ಆದರೆ ಅದು ನಿಜಕ್ಕೂ ನೆನಪೋ, ಕಾಕು ಅಂಥವಳಲ್ಲವೇ ಎಂದು ನಾನೇ ಸೇರಿಸಿದ್ದೋ, ಹೇಳಲಾರೆ.

ನಮ್ಮ ಶಾಲೆಯ ಪುಸ್ತಕದಲ್ಲಿ ಪ್ರತಿ ಕಥೆಯ ಕೆಳಗೆ ಚೌಕಟ್ಟು ಹಾಕಿ ನೀತಿ ಬರೆದಿರುತ್ತಿತ್ತು. ಕಾಕುವಿನ ಕಥೆಗಳಿಗೆ ಆ ಚೌಕಟ್ಟೇ ಇಲ್ಲ.

"ನೀತಿ ಏನ, ಕಾಕು?"

"ಯಾರಿಗೆ ಬೇಕೋ ಅವ್ರು ತಗೋತಾರ. ನೀ ಪಲ್ಯ ಸೋಸು."

ಬೇಕಾದವರು ಯಾರೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಮರಾಠಿ ಸೀಮೆಯಲ್ಲಿ ಕಾರ್ಖಾನೆಯ ಎರಡು ಕೋಣೆಯ ಕ್ವಾರ್ಟರ್ಸ್ ನಮ್ಮದು, ಅವ್ವನಿಲ್ಲದ ಮನೆ. ನಡುವೆ ಒಂದು ಪರದೆ. ವಿಜಯಪುರದ ಕಡೆಯಿಂದ ಬಂದ ನಮ್ಮಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. "ಅಪ್ಪಗ ಹೇಳು, ಚಹಾ ಆಗೇದ" ಎಂದು ಕಾಕು ನನಗೆ ಹೇಳುತ್ತಿದ್ದಳು. ಮೂರು ಮಾರು ದೂರದಲ್ಲಿ ಕೂತ ಅಪ್ಪ, ಕಿವಿಗೆ ಬಿದ್ದರೂ ಬೀಳದವರಂತೆ, ನಾನು ಹೋಗಿ ಹೇಳುವವರೆಗೆ ಕಾಯುತ್ತಿದ್ದರು. ಆ ರಾಯಭಾರಿ ಪದವಿಯ ಬಗ್ಗೆ ನನಗೆ ಬಹಳ ಜಂಬ. ಅಪ್ಪ ನಲ್ಲಿ ನೀರಿಗಾಗಿ ಪಕ್ಕದ ಮನೆಯವರ ಜೊತೆ ಜಗಳವಾಡಿದ ವಾರ, ಇಕ್ಕಟ್ಟಿನ ಸೇತುವೆಯ ಮೇಲೆ ಎದುರಾದ ಎರಡು ಆಡುಗಳು ನಮ್ಮ ಅಡುಗೆಮನೆಗೆ ಬಂದವು. ಕಥೆಗಳೂ ಪರದೆ ದಾಟುತ್ತಿದ್ದವು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ನನಗೆ ಏಳೋ ಎಂಟೋ ವಯಸ್ಸು. ಹತ್ತಿರದ ಬಾಲವಾಡಿಗೆ ಒಬ್ಬರು ಬಾಯಿ, ಎಂದರೆ ಟೀಚರು, ಬೇಕಾಗಿದ್ದರು. ಮೆಟ್ರಿಕ್ ಪಾಸಾಗಿದ್ದ ಕಾಕುವಿಗೆ ಹೋಗುವ ಆಸೆ. ಕಾಕಾ "ಅಣ್ಣ ಹೂಂ ಅಂದ್ರ ನಂದೇನದ" ಎಂದು ಜಾರಿಕೊಂಡರು. ಅಪ್ಪ "ನಮ್ಮನಿ ಹೆಣ್ಮಕ್ಕಳು ಹೊರಗ ದುಡಿಯೋದು ಬ್ಯಾಡ" ಎಂದುಬಿಟ್ಟಿದ್ದರು. ಸೋಮವಾರದೊಳಗೆ ಬಾಲವಾಡಿಗೆ ಉತ್ತರ ಹೇಳಬೇಕಿತ್ತು.

ಆ ಭಾನುವಾರ ಕಾಕು ಒಂದು ಕಥೆ ಹೇಳಿದಳು. ಎಂದಿನಂತೆ ನೀತಿಯಿಲ್ಲದೆ ನಿಲ್ಲಿಸಿದಳು. ನನಗೆ ತಡೆಯಲಾಗಲಿಲ್ಲ. ಯಾರೂ ಕಳಿಸದಿದ್ದರೂ ಪರದೆ ಸರಿಸಿ ಹೋಗಿ ಘೋಷಿಸಿದೆ: "ಅಪ್ಪಾ, ನೀವು ಸಿಂಹ, ಕಾಕು ಇಲಿ. ಬಿಟ್ಟುಬಿಡ್ರಿ, ಮುಂದ ಉಪಯೋಗಕ್ಕ ಬರ್ತಾಳ!"

ಅಪ್ಪ ಪೇಪರು ಇಳಿಸಿದರು. ಏಟು ಬೀಳುತ್ತದೆಂದೇ ನಿಂತಿದ್ದೆ.

"ಇಲಿಗೆ ಕೇಳು, ಸಾಲಿ ಎಷ್ಟಕ್ಕ ಬಿಡ್ತದಂತ?"

"ಹನ್ನೆರಡಕ್ಕ ಅಂತ ಹೇಳು," ಪರದೆಯ ಆಚೆಯಿಂದ ಕಾಕುವಿನ ದನಿ.

"ಹಂಗಾದ್ರ ಊಟದ ಹೊತ್ತಿಗೆ ಮನ್ಯಾಗ ಇರ್ತದ. ಹೋಗ್ಲಿ."

ಕಾಕು ಹೋದಳು. ಮುದುಕಿಯಾಗುವವರೆಗೂ ಅಲ್ಲಿಯೇ ಕಲಿಸಿದಳು. ನಮ್ಮ ನರಿ ಅಲ್ಲಿ ಮರಾಠಿಯ ಕೊಲ್ಹಾ ಆಗಿ ಎಷ್ಟು ಮಕ್ಕಳ ಮನೆ ಸೇರಿತೋ. ಯುನಿವರ್ಸಿಟಿಗೆ ಹೋದ ಹೊಸದರಲ್ಲಿ ನಾನು ಈ ಪ್ರಾಣಿಕಥೆಗಳನ್ನು ಹೀಯಾಳಿಸಿ ಉದ್ದದ ಪ್ರಬಂಧ ಬರೆದೆ. ಬಡವರಿಗೆ ತಗ್ಗಿ ನಡೆಯಲು ಕಲಿಸುತ್ತವಂತೆ! ಒಳ್ಳೆಯ ಅಂಕವೂ ಬಂತು. ಈಗ ಅನ್ನಿಸುವುದೇ ಬೇರೆ. ಕಾಕುವಿಗೆ ಹೂಂ ಎಂದಿದ್ದರೆ ಅಪ್ಪ ಸೋತಂತೆ. ಇಲಿಯನ್ನು ಬಿಟ್ಟ ಸಿಂಹ ಸೋಲುವುದಿಲ್ಲ. ದೊಡ್ಡವರಿಗೆ ಮಾನ ಉಳಿಸಿಕೊಂಡು ಕೆಳಗಿಳಿಯಲು ಒಂದು ಮೆಟ್ಟಿಲು ಬೇಕು. ಅದು ಈ ಕಥೆಗಳಲ್ಲಿದೆ. ಅದಕ್ಕೇ ಇವು ಹಳತಾಗುವುದಿಲ್ಲವೇನೋ.

ಅಪ್ಪ ಈಗಿಲ್ಲ. ಕಾಕು ದೌಂಡದಲ್ಲಿ, ರೈಲ್ವೆಯಲ್ಲಿರುವ ಮಗನ ಮನೆಯಲ್ಲಿದ್ದಾಳೆ. ಮೆಂತ್ಯವನ್ನು ಅಲ್ಲಿಯೇ ಬಿಟ್ಟು ಅವಳಿಗೆ ಫೋನು ಮಾಡಿದೆ. ನಮ್ಮ ಮನೆಯಲ್ಲಿ ಉಪಕಾರವಾಯಿತು ಎನ್ನುವ ರೂಢಿಯಿಲ್ಲವಾದ್ದರಿಂದ ಸುತ್ತುಬಳಸಿ ಸಿಂಹದ ಕಥೆಗೆ ಬಂದೆ.

"ಯಾವ ಸಿಂಹನವಾ?" ಕಾಕು ನಕ್ಕಳು. "ನಾ ಹೇಳಿದ್ದು ನರಿ ಕೊಕ್ಕರಿ ಕಥಿ. ನರಿ ಊಟಕ್ಕ ಕರದು ತಾಟಿನ್ಯಾಗ ಪಾಯಸ ನೀಡ್ತದಲ್ಲ, ಅದು. ನನ್ನ ಚುಂಚಿಗೆ ಈ ತಾಟು ಒಗ್ಗೂದಿಲ್ಲ ಅಂತ ಭಾವನವರಿಗೆ ತಿಳೀಲಿ ಅಂತಿದ್ದೆ. ನೀ ಓಡಿಹೋಗಿ ಸಿಂಹ ಅಂದಿ! ನರಿ ಅಂದಿದ್ರ ನಾ ಇವತ್ತಿಗೂ ಪಲ್ಯ ಸೋಸ್ಕೋತ ಕೂಡ್ತಿದ್ದೆ. ನಿನ್ನ ಉಪಕಾರ ಅದು, ಹುಚ್ಚಿ."

ಹೆದರಿ ಬದಲಿಸಿದೆನೋ, ಶಾಲೆಯ ಕಥೆಯೊಂದಿಗೆ ಕಲಸಿಬಿಟ್ಟೆನೋ, ನನಗೆ ಎಳ್ಳಷ್ಟೂ ನೆನಪಿಲ್ಲ. ಕಲಸಿಬಿಟ್ಟಿರಬೇಕು, ಅಷ್ಟು ಜಾಣೆಯಲ್ಲ ನಾನು.

"ಅಪ್ಪಗ ಗೊತ್ತಾಗಲಿಲ್ಲೇನು?"

"ಅದು ಪರದೆ, ಗ್ವಾಡಿ ಅಲ್ಲ. ನಾ ರಿಟೈರ್ ಆದ ದಿವಸ ಎದುರಿಗೆ ಕೂತು ಅಂದ್ರು: 'ನೀ ನರಿ ಅಂದದ್ದು ಅವತ್ತ ಕೇಳಿಸಿತ್ತು ನೋಡವಾ. ಕೂಸು ಸಿಂಹ ಅಂತು, ನಾ ಬಚಾವಾದೆ.'"

"ಎದುರಿಗೆ ಕೂತು? ನಿನ್ನ ಕೂಡ ಮಾತಾಡ್ತಿದ್ರ?"

"ಮತ್ತೇನ! ನೀ ಮದುವ್ಯಾಗಿ ಹೋದ ಮ್ಯಾಲೆ ಯಾರ ಕೈಲೆ ಹೇಳಿ ಕಳಸೋದು? ದಿನಾ ಮಾತಾಡ್ತಿದ್ವಿ. ಭಾಳ ಮಾತು ಅವ್ರದು."

ಆ ರಾಯಭಾರಿ ಪದವಿ ಹೋದದ್ದಕ್ಕೆ ಇಷ್ಟು ಸಂತೋಷವಾಗುತ್ತದೆಂದು ಎಣಿಸಿರಲಿಲ್ಲ. ಡೈರಿಯಲ್ಲಿ ಸಿಂಹದ ಪಕ್ಕಕ್ಕೆ ನರಿಯನ್ನೂ ಬರೆದುಕೊಂಡೆ. ಅವರಿಬ್ಬರೂ ದಿನಾ ಮಾತಾಡುತ್ತಿದ್ದರು ಎಂಬುದನ್ನು ಮಾತ್ರ ಅನುಮಾನವಿಲ್ಲದೆ ಬರೆದೆ. ನಾನು ಅಲ್ಲಿರಲಿಲ್ಲವಲ್ಲ, ತಪ್ಪಾಗಿ ನೆನಪಿಡುವ ಹೆದರಿಕೆಯಿಲ್ಲ.