ಎರಡನೆಯ ಅಲೆಗೆ ಕಾದವರು

ಕಲ್ಲುಕ್ವಾರಿಯ ಸಾಲುಮನೆಗಳಲ್ಲಿ ಒಂದು ರೂಢಿ. ಮಧ್ಯಾಹ್ನ ಬಂಡೆ ಸಿಡಿಸಿದಾಗ ನೆಲ ಧಡ್ ಎನ್ನುತ್ತದೆ. ಪಾತ್ರೆಗಳು ಬೀಳದಂತೆ ಹೆಂಗಸರು ಓಡಿಹೋಗಿ ಗೋಡೆಯ ಹಲಗೆಯನ್ನು ಅಮುಕಿ ಹಿಡಿಯುತ್ತಾರೆ. ಒಂದೇ ಏಟು, ಅಲ್ಲಿಗೆ ಮುಗಿಯಿತು.

ಆ ರಜೆಯ ದಿನವೂ ನೆಲ ಧಡ್ ಎಂದಿತು. ಜಗಲಿಯಲ್ಲಿ ಕೂತಿದ್ದ ಮದ್ದಿನ ಮೇಸ್ತ್ರಿ, "ಹಲಗೆ ಹಿಡ್ಕೊಳ್ಳೇ" ಎಂದು ಹೆಂಡತಿಗೆ ಕೂಗಿದ. ಮದ್ದಿಡುವವನೇ ಮನೆಯಲ್ಲಿರುವಾಗ ಸಿಡಿಸಿದವರು ಯಾರು ಎಂದು ಕೇಳುವಷ್ಟು ಬುದ್ಧಿ ಇಬ್ಬರಿಗೂ ಓಡಲಿಲ್ಲ. ಅವಳು ಒಳಗೆ ಹೋಗಿ ಹಿಡಿದಳು. ಆಮೇಲೆ ಮನೆ ಅಡ್ಡಡ್ಡ ತೂಗಿತು, ಗೋಡೆ ಕುಸಿಯಿತು. ಹಲಗೆಯ ಸಮೇತ ಅವಳ ಹೆಣವನ್ನು ಹೊರಗೆ ತೆಗೆದರು.

ಭೂಕಂಪದ ಲೆಕ್ಕ ತೆಗೆಯಲು ಬಂದ ಅಧಿಕಾರಿಯನ್ನು ಮೇಸ್ತ್ರಿ ದಾರಿಗೆ ಅಡ್ಡ ನಿಂತು, ಮೊದಲು ಧಡ್ ಎಂದು ಆಮೇಲೆ ತೂಗಿದ್ದು ಯಾಕೆ ಎಂದು ಕೇಳಿದ. ಅಧಿಕಾರಿ ಬಿಡಿಸಿ ಹೇಳಿದ.

"ನೆಲದಡಿ ಬಂಡೆಗಳು ಒಂದನ್ನೊಂದು ಒತ್ತಿ ನಿಂತಿರ್ತವೆ ಯಜಮಾನ್ರೇ. ತಾಳಲಾರದೆ ಒಂದಿನ ಜಾರ್ತವೆ. ಮೊದಲನೇ ಅಲೆ, ಸಾಲಲ್ಲಿ ಹಿಂದಿನವನು ಮುಂದಿನವನ ಬೆನ್ನಿಗೆ ಗುದ್ದಿದ ಹಾಗೆ. ಓಟ ಜಾಸ್ತಿ, ಕೇಡು ಕಮ್ಮಿ. ಎರಡನೇದು ಹಗ್ಗ ಒದರಿದ ಹಾಗೆ ಅಡ್ಡಡ್ಡ ಬರುತ್ತೆ. ಅದರ ಹಿಂದೆ ನೆಲದ ಮೇಲೇ ಉರುಳೋ ಅಲೆಗಳು. ಮನೆ ಬೀಳಿಸೋದು ಇವೇ."

"ಮೊದಲನೇದಕ್ಕೂ ಎರಡನೇದಕ್ಕೂ ನಡುವೆ ಎಷ್ಟು ಹೊತ್ತು ಇತ್ತು?"

"ಇಲ್ಲಿಗಾ? ಒಬ್ಬರು ಹೊಸ್ತಿಲು ದಾಟೋವಷ್ಟು."

ಆ ಮಾತು ಮೇಸ್ತ್ರಿಯ ಎದೆಗೆ ಕಚ್ಚಿಕೊಂಡಿತು. ಹೊಸ್ತಿಲು ಅವಳು ದಾಟಿದ್ದಳು, ಒಳಕ್ಕೆ.

ಮನೆ ಮತ್ತೆ ಎದ್ದಿತು, ಕ್ವಾರಿಯೂ ಶುರುವಾಯಿತು. ಇವನು ಮದ್ದು ಮುಟ್ಟಲಿಲ್ಲ. ಅಪ್ಪನನ್ನು ನೋಡಿಕೊಳ್ಳಲು ಕೂಸಿನೊಡನೆ ಬಂದ ಮಗಳು ಮೊದಲ ಏಟಿಗೇ ಓಡಿಹೋಗಿ ಹಲಗೆ ಹಿಡಿದಳು. ಮೇಸ್ತ್ರಿಯ ಮೈಯೆಲ್ಲ ಉರಿಯಿತು.

"ಹಾಳಾಗಿ ಹೋಗ್ಲಿ ಪಾತ್ರೆ! ಹೊರಗೆ ಬಾ."

"ಕ್ವಾರಿದು ಕಣಪ್ಪಾ."

"ನಾನೂ ಹಂಗೇ ಅಂದ್ಕೊಂಡು ನಿಮ್ಮಮ್ಮನಿಗೆ ಹಲಗೆ ಹಿಡಿ ಅಂದಿದ್ದೆ."

ಮರುದಿನ ನೆಲ ಧಡ್ ಎಂದಾಗ ಮಗಳು ಕೂಸನ್ನು ಅವಚಿಕೊಂಡು ಅಂಗಳಕ್ಕೆ ಬಂದಳು. ಒಳಗೆ ಏನೋ ಬಿದ್ದು ಒಡೆಯಿತು. ಎದುರುಮನೆಯ ಅಜ್ಜಿ ಹಲಗೆ ಹಿಡಿದುಕೊಂಡೇ ಕಿಟಕಿಯಿಂದ, "ಅಪ್ಪನ ಹುಚ್ಚು ಮಗಳಿಗೂ ಹತ್ತಿತಾ? ಇನ್ಮೇಲೆ ಊಟಕ್ಕೆ ಅಂಗೈಯೇ ಗತಿ ನಿಮಗೆ" ಎಂದು ನಗುತ್ತ ಚುಚ್ಚಿದಳು.

ಮೇಸ್ತ್ರಿ ನೆಲಕ್ಕೆ ಅಂಗೈ ಊರಿ ಕೂತಿದ್ದ. "ಸಾಕು, ಒಳಗೆ ಹೋಗೋಣ" ಎಂದಳು ಮಗಳು.

"ಇರು. ಎರಡನೇದು ಇನ್ನೂ ಬಂದಿಲ್ಲ."

ಅವನು ಅಂದ ರೀತಿಗೆ ಅಜ್ಜಿಯ ನಗು ನಿಂತಿತು. ಆಕೆ ಹಲಗೆ ಬಿಟ್ಟು ಹೊರಗೆ ಬಂದಳು. ಅವಳನ್ನು ನೋಡಿ ಪಕ್ಕದವಳು, ಅವಳಾಚೆಯವಳು. ಬೀದಿಯ ತುಂಬ ಜನ. ಎಲ್ಲರೂ ಅಂಗಾಲಿನಲ್ಲೇ ಕೇಳಿಸಿಕೊಳ್ಳುತ್ತ ನಿಂತರು.