ಮೀಸೆಯಣ್ಣನ ಬಚ್ಚಲು ಕಟ್ಟಿಕೊಂಡದ್ದು

ನಮ್ಮ ಬೀದಿಯಲ್ಲಿ ಬೋರ್ಡಿಲ್ಲದ ಅಂಗಡಿ ಒಂದೇ, ಮೀಸೆಯಣ್ಣನ ಕಟಿಂಗ್ ಶಾಪ್. ಬೋರ್ಡು ಯಾಕೆ, ಮೂಗಿನ ಕೆಳಗೇ ಇದೆಯಲ್ಲ ಎನ್ನುತ್ತಾನೆ ಅವನು. ಸುಳ್ಳಲ್ಲ. ಆ ಮೀಸೆ ಎರಡೂ ಕಡೆ ಕೆನ್ನೆ ಹತ್ತಿ, ಕಿವಿಯ ತನಕ ಹೋಗಿ, ಮುಂದೆ ಜಾಗವಿಲ್ಲವೆಂದು ಸುರುಳಿ ಸುತ್ತಿಕೊಂಡು ನಿಂತಿತ್ತು. ತಲೆಯ ಮೇಲೆ ಮಾತ್ರ ಒಂದು ಎಳೆಯೂ ಇಲ್ಲ. ಇದ್ದಬದ್ದದ್ದೆಲ್ಲ ಜಾರಿ ಮೂಗಿನ ಕೆಳಗೆ ಸೇರಿಕೊಂಡಿದೆ ಎಂದು ನಾನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಅವನೂ ಇಪ್ಪತ್ತು ವರ್ಷದಿಂದ ನಗದೇ ಕೂತಿದ್ದಾನೆ.

ನನ್ನದು ಅವನ ಎದುರಿನ ಅಂಗಡಿ. ಪೈಪು, ನಲ್ಲಿ, ವಾಷರ್ ಇತ್ಯಾದಿ. ಬೀದಿಗೆಲ್ಲ ನಾನು ಪೈಪಣ್ಣ. ಒಂದಲ್ಲ ಒಂದು ದಿನ ಎಲ್ಲರ ಮೋರಿಯೂ ಕಟ್ಟಿಕೊಳ್ಳುತ್ತದೆ, ಎಲ್ಲರೂ ನನ್ನ ಕಟ್ಟೆಗೆ ಬರುತ್ತಾರೆ ಎಂಬ ನಂಬಿಕೆಯ ಮೇಲೆ ಬದುಕುವವನು ನಾನು. ಮೀಸೆಯಣ್ಣ ಮಾತ್ರ ಬರಲಿಲ್ಲ. ದಿನವಿಡೀ ಕೂದಲು ಕತ್ತರಿಸುವ ಅಂಗಡಿ, ಆದರೂ ಅಲ್ಲಿಯ ಸಿಂಕಿಗೆ ಒಂದು ಎಳೆ ಇಳಿದದ್ದಿಲ್ಲ. "ನನ್ನ ಪೈಪಿನಲ್ಲಿ ನೀರು ಬಿಟ್ಟರೆ ಬೇರೆ ಏನೂ ಹೋಗಲ್ಲ ಕಣೋ, ಇಣುಕಿ ನೋಡು, ಮುಖ ಕಾಣುತ್ತೆ" ಎಂದು ನನ್ನ ಹೊಟ್ಟೆ ಉರಿಸುತ್ತಿದ್ದ.

ಇನ್ನೊಂದು ವಿದ್ಯೆಯೂ ಅವನಿಗಿತ್ತು. ಒಂದು ಚೂರು ಕೂದಲು ತೋರಿಸಿದರೆ ಯಾರ ತಲೆಯದೆಂದು ಹೇಳಿಬಿಡುತ್ತಿದ್ದ. ಒಮ್ಮೆ ಹೋಟೆಲಿನಲ್ಲಿ ಊಟದ ತಟ್ಟೆಯಲ್ಲಿ ಕೂದಲು ಸಿಕ್ಕಿ ಗಲಾಟೆಯಾಯಿತು. ಎಲ್ಲರೂ ಅಡುಗೆಯವನನ್ನು ಬೈಯುತ್ತಿದ್ದಾಗ ಇವನು ಅದನ್ನು ಬೆಳಕಿಗೆ ಹಿಡಿದು, "ಅವನನ್ನು ಬಿಡಿ, ಇದು ಗಲ್ಲಾದಲ್ಲಿ ಕೂತಿರೋರ ಎಡಗಿವಿ ಪಕ್ಕದ್ದು" ಎಂದ. ಆ ಹೋಟೆಲಿನವರು ಆಮೇಲೆ ಬೇರೆ ಕಟಿಂಗ್ ಶಾಪಿಗೆ ಹೋಗತೊಡಗಿದರು.

ಇಂಥವನು ಒಂದು ಬೆಳಿಗ್ಗೆ ಬೀದಿ ದಾಟಿ ಬಂದ.

"ಪೈಪಣ್ಣ, ಮನೇಲಿ ಬಚ್ಚಲಿನ ನೀರು ಇಳೀತಿಲ್ಲ. ಶವರ್ ಬಿಟ್ಟರೆ ಪಾದ ಮುಳುಗುತ್ತೆ. ಸ್ನಾನ ಮಾಡಿ ಹೊರಗೆ ಬಂದ ಮೇಲೆ ಕಾಲು ತೊಳ್ಕೋಬೇಕು."

"ಕಾರಣ ಏನಿರಬಹುದು?"

"ಕಾರಣ ಮಂಡಿವರೆಗೆ ನೇತಾಡ್ತಿದೆಯಲ್ಲ!"

ಅವನ ಹೆಂಡತಿಯ, ಅಂದರೆ ನಮ್ಮ ಅತ್ತಿಗೆಯ, ಜಡೆಯ ಮಾತು ಅದು. ನಾನು ಮೋರಿ ಬಿಡಿಸುವ ಪುಡಿ ಕೊಟ್ಟೆ. ಪುಡಿ ಹಾಕಿದ ಮೇಲೆ ನೀರು ನಿಲ್ಲುವುದರ ಜೊತೆಗೆ ನಾತವೂ ಹೊಡೆಯತೊಡಗಿತು. ಆಮೇಲೆ ರಬ್ಬರ್ ಪಂಪು ಕೊಟ್ಟೆ. ಅದನ್ನು ಒತ್ತಿದರೆ ಅಡುಗೆಮನೆಯ ಸಿಂಕು ಕೆಮ್ಮಿ ನೊರೆ ಉಗುಳಿತಂತೆ. ಮೂರನೆಯ ಸಲ ಬಂದಾಗ ಇನ್ನೂ ಜೋರಿನ ಪುಡಿ ಕೊಟ್ಟೆ. ಜಾಲರಿ ಬಿಚ್ಚಿ ಕೈ ಹಾಕು ಎಂದು ಮೊದಲನೆಯ ದಿನವೇ ಹೇಳಬಹುದಿತ್ತು. ಆದರೆ ಕೈ ನನ್ನ ಅಂಗಡಿಯಲ್ಲಿ ಸಿಗುವ ಮಾಲಲ್ಲ.

ಅಷ್ಟರಲ್ಲಿ ಮನೆಯಲ್ಲಿ ಮಾತು ಬೆಳೆದಿತ್ತು. ಜಡೆಯನ್ನು ಭುಜದ ಮಟ್ಟಕ್ಕೆ ಕತ್ತರಿಸಿಬಿಡುತ್ತೇನೆಂದು ಇವನು ಹಟ ಹಿಡಿದಿದ್ದ. ಅತ್ತಿಗೆಗೆ ಒಮ್ಮೆ ಜ್ವರ ಬಂದು ತಲೆಯ ಕೂದಲು ಮುಕ್ಕಾಲು ಪಾಲು ಉದುರಿಹೋಗಿತ್ತು. ಹೊರಗೆ ಬರಲು ನಾಚಿ ಒಂದು ವರ್ಷ ಬಾಗಿಲ ಸಂದಿಯಿಂದಲೇ ಮಾತಾಡಿಸುತ್ತಿದ್ದರು. ಮತ್ತೆ ಮಂಡಿಗೆ ಇಳಿಯಲು ಒಂಬತ್ತು ವರ್ಷ ಹಿಡಿಯಿತು. ಇದೆಲ್ಲ ಗೊತ್ತಿದ್ದೂ ಇವನು ಕತ್ತರಿಯ ಮಾತೆತ್ತಿದ್ದ.

"ಸರಿ, ಬಚ್ಚಲು ಬಿಚ್ಚಿಸಿ" ಎಂದರಂತೆ ಅತ್ತಿಗೆ. "ಒಳಗಿರೋದು ನನ್ನ ಕೂದಲಾದ್ರೆ ತಲೆ ಬಗ್ಗಿಸಿ ಕೂರ್ತೀನಿ, ನೀವೇ ಕತ್ತರಿಸಿ. ನಿಮ್ಮದಾದ್ರೆ ಆ ಮೀಸೆ ಹೋಗಬೇಕು."

"ನಂದಾ? ನನ್ನ ತಲೇಲಿ ಏನಿದೆಯೇ?"

"ಏನೂ ಇಲ್ಲ ಅಂತ ಮದುವೆ ದಿನವೇ ಗೊತ್ತಾಯ್ತು. ಆದ್ರೂ ಮಾತು ಅಂದ್ರೆ ಮಾತು."

ಇವನಿಗೆ ಧೈರ್ಯ. ಬೋಳು ತಲೆಯವನು ಕೂದಲಿನ ಪಂದ್ಯದಲ್ಲಿ ಸೋಲುವುದುಂಟೇ? ಇಬ್ಬರ ಕಡೆಯೂ ಸೇರದವನೆಂದು ನನ್ನನ್ನು ಕರೆದರು. ಎರಡು ಪುಡಿ, ಒಂದು ಪಂಪು ಮಾರಿದವನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ಅಂಗಡಿಗೆ ರಜೆಯ ದಿನ ಕೊಕ್ಕೆ ತಂತಿ ಹಿಡಿದು ಹೋದೆ. ಹಸಿರು ಟೈಲ್ಸಿನ ಸಣ್ಣ ಬಚ್ಚಲು. ಶವರಿನ ಅರ್ಧ ತೂತು ಮುಚ್ಚಿಹೋಗಿ, ನೀರು ಬಾಗಿಲಿಗೇ ಗುರಿಯಿಡುತ್ತಿತ್ತು. ಕಿಟಕಿಯ ಹೊರಗಿನ ಹಗ್ಗದ ಮೇಲೆ ಅಂಗಡಿಯ ಬಿಳಿ ಬಟ್ಟೆಗಳು, ಗಿರಾಕಿಗಳ ಕೊರಳಿಗೆ ಕಟ್ಟುವಂಥವು, ಸಾಲಾಗಿ ಒಣಗುತ್ತಿದ್ದವು. ಅತ್ತಿಗೆ ಜಡೆಯನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು ಗೋಡೆಗೆ ಒರಗಿದ್ದರು. ಅವರ ತಾಯಿ, ಮಗಳ ಮನೆಯಲ್ಲೇ ಇರುವವರು, ಬಾಗಿಲೆದುರು ಸ್ಟೂಲು ಹಾಕಿಸಿಕೊಂಡು ಮೊದಲ ಸಾಲಿನ ಜಾಗ ಹಿಡಿದಿದ್ದರು.

ಜಾಲರಿಯ ಸ್ಕ್ರೂ ತುಕ್ಕು ಹಿಡಿದು ಜಗ್ಗಲಿಲ್ಲ. ಬೆಣ್ಣೆ ಸವರುವ ಚಾಕು ತರಿಸಿ, ಅದರ ತುದಿ ಮುರಿದು, ಅಂತೂ ಬಿಚ್ಚಿದೆ. ತಂತಿ ಇಳಿಸಿ ನಾಲ್ಕು ಸುತ್ತು ತಿರುಗಿಸಿ ಎಳೆದೆ. ಮೊದಲು ಬರಲೊಲ್ಲದು. ಆಮೇಲೆ ಸತ್ತ ಇಲಿಯಷ್ಟು ದಪ್ಪನೆಯ ಒಂದು ಬೂದು ಮುದ್ದೆ ಲೊಳಕ್ಕನೆ ಹೊರಬಿತ್ತು. ಸೋಪಿನ ಜಿಡ್ಡು, ಮೂಗು ಮುಚ್ಚಿಸುವ ವಾಸನೆ. ಅದರ ತುದಿಯಿಂದ ಉದ್ದನೆಯ ಎಳೆಯೊಂದು ನೇತಾಡುತ್ತಿತ್ತು.

"ನೋಡೇ!" ಮೀಸೆ ಕುಣಿದಾಡಿತು. "ಒಂದೂವರೆ ಮೊಳ! ಇದು ನನ್ನ ತಲೆಯದಾ?"

ಅತ್ತಿಗೆ ಜಡೆಯನ್ನು ಇನ್ನೊಂದು ಸುತ್ತು ಕೈಗೆ ಸುತ್ತಿಕೊಂಡರು. ಅವನು ಆಗಲೇ ಕತ್ತರಿ ತರಲು ಒಂದು ಕಾಲು ಹೊರಗಿಟ್ಟಿದ್ದ.

"ನಿಲ್ಲಿ ಅಳಿಯಂದಿರೇ" ಎಂದರು ಸ್ಟೂಲಿನ ಮೇಲಿದ್ದ ಅಜ್ಜಿ. "ಪೈಪಣ್ಣ, ಅದನ್ನ ಬಕೆಟಿನಲ್ಲಿ ಜಾಲಾಡಪ್ಪ. ಕೂದಲು ನೋಡಿ ತಲೆ ಹೇಳೋ ಪಂಡಿತರು ಇದ್ದಾರೆ, ಪೂರ್ತಿ ನೋಡಿಯೇ ಹೇಳಲಿ."

ಜಾಲಾಡಿದೆ. ಉದ್ದನೆಯವು ನಾಲ್ಕೇ ನಾಲ್ಕು ಎಳೆ, ಬೇರೆಯಾಗಿ ತೇಲಿದವು. ಉಳಿದ ಮುದ್ದೆ ಬಿಚ್ಚಿಕೊಂಡು ಚಹಾ ಪುಡಿಯ ಹಾಗೆ ಬಕೆಟಿನ ತುಂಬ ಹರಡಿತು. ಎಲ್ಲ ಉಗುರಿನಷ್ಟುದ್ದದ ಚೂರುಗಳು. ಮೀಸೆಯಣ್ಣ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಅಲ್ಲಿಗೆ ಅವನ ಕತೆ ಮುಗಿಯಿತು. ಪಂದ್ಯ ಮರೆತು ಕಸುಬು ಮಾತಾಡಿತು.

"ಇದು ಮಷೀನಿನ ಎರಡನೇ ನಂಬರ್. ಇದು ಡೈ ಹಾಕಿದ್ದು, ಬ್ಯಾಂಕ್ ಮ್ಯಾನೇಜರದ್ದು. ಬುಡ ಬೆಳ್ಳಗೆ ಕಾಣ್ತಿದೆ ಅಂತ ಎಷ್ಟು ಹೇಳಿದ್ರೂ ಕೇಳಲ್ಲ ಆಸಾಮಿ. ಈ ಗುಂಗುರು ಪೋಸ್ಟ್‌ಮ್ಯಾನ್. ಇದು... ಇದು ನಿಂದು ಪೈಪಣ್ಣ. ಕುತ್ತಿಗೆ ಹಿಂದಿನದು. ಹೋದ ವಾರದ್ದು."

ತೀರ್ಪು ಹೇಳಲು ಬಂದ ನಾನೇ ಕಟಕಟೆಯಲ್ಲಿದ್ದೆ.

ಅತ್ತಿಗೆ ಕಿಟಕಿಯಾಚೆಯ ಹಗ್ಗ ನೋಡಿದರು, ಬಕೆಟು ನೋಡಿದರು, ಗಂಡನ ಮುಖ ನೋಡಿದರು. "ಇವರೆಲ್ಲ ಯಾವಾಗ ನಮ್ಮನೆಗೆ ಸ್ನಾನಕ್ಕೆ ಬಂದಿದ್ರು?"

ಆಗ ಹೊರಬಿತ್ತು ಆ ಕನ್ನಡಿಯಂಥ ಪೈಪಿನ ಗುಟ್ಟು. ಅಂಗಡಿಯ ಬಟ್ಟೆಗಳನ್ನು ಅಲ್ಲಿ ಒದ್ದೆ ಮಾಡಿದರೆ ಸಿಂಕು ಕೆಡುತ್ತದೆಂದು ಮಡಿಸಿ ಮನೆಗೆ ತರುವುದು. ಶವರ್ ಬಿಟ್ಟು, ಬಟ್ಟೆಗಳನ್ನು ಕಾಲಡಿ ಹಾಕಿ ತುಳಿಯುತ್ತಲೇ ಸ್ನಾನವನ್ನೂ ಮುಗಿಸುವುದು. ಹೆಂಡತಿ ಒಗೆದರೆ ಅಂಚು ಮುದುಡುತ್ತದೆಂದು ಯಾರ ಕೈಗೂ ಕೊಡುತ್ತಿರಲಿಲ್ಲ. ಊರಿನ ಅರ್ಧ ತಲೆ ಹೀಗೆ ಅವನ ಬಚ್ಚಲು ಸೇರಿತ್ತು.

"ಆದ್ರೆ ಇದು ನಂದಲ್ಲವಲ್ಲ!" ಎಂದು ಕೊನೆಯ ದಾರಿ ಹುಡುಕಿದ. "ಗಿರಾಕಿಗಳದ್ದು."

"ಹಾಗಾದ್ರೆ ಅವರನ್ನೆಲ್ಲ ಕರೀರಿ. ಎಲ್ಲರ ಮೀಸೆಯನ್ನೂ ತೆಗೀತೀನಿ."

ಅವನು ನನ್ನ ಕಡೆ ನೋಡಿದ. ನನಗೂ ಒಂದು ಪುಟ್ಟ ಮೀಸೆ ಇದೆ, ಅದರ ಮೇಲೆ ಪ್ರೀತಿಯೂ ಇದೆ. "ಮಾಲು ತಂದಿಳಿಸಿದವನದೇ ಜವಾಬ್ದಾರಿ ಮೀಸೆಯಣ್ಣ" ಎಂದುಬಿಟ್ಟೆ.

"ಆ ಉದ್ದದ್ದು ನಾಲ್ಕು ನಂದೇ, ಇಲ್ಲ ಅನ್ನಲ್ಲ" ಎನ್ನುತ್ತ ಅತ್ತಿಗೆ ಜಡೆಯ ತುದಿಯಿಂದ ನಾಲ್ಕು ಎಳೆ ಆರಿಸಿ ಮುಂದಕ್ಕೆ ಚಾಚಿದರು. "ಕತ್ತರಿಸ್ಕೊಳ್ಳಿ. ಲೆಕ್ಕ ಚುಕ್ತಾ ಆಗಲಿ."

ಕತ್ತರಿಸಲು ಅವನ ಕೈ ಏಳಲಿಲ್ಲ. ಹೋಗಿ ರೇಜರು ತಂದು ಅವರ ಕೈಗಿಟ್ಟ. ಅಜ್ಜಿ ಎದ್ದು ಸ್ಟೂಲು ಬಿಟ್ಟುಕೊಟ್ಟರು. ಎಷ್ಟೋ ಜನರ ಗಲ್ಲ ಹಿಡಿದವನು ತನ್ನ ಗಲ್ಲವನ್ನು ಹೆಂಡತಿಯ ಕೈಗೆ ಕೊಟ್ಟು ಕೂತ. ಆದರೂ ಬಾಯಿ ನಿಲ್ಲಬೇಕಲ್ಲ. "ಓರೆಯಾಗಿ ಹಿಡಿ. ಒತ್ತಬೇಡ." ಒಂದು ಕಡೆ ಮುಗಿದಾಗ, "ಇಷ್ಟು ಸಾಕಲ್ವಾ?" ಎಂದ.

"ಅಲ್ಲಾಡಬೇಡಿ ಅಳಿಯಂದಿರೇ" ಎಂದರು ಅಜ್ಜಿ.

ಎಲ್ಲ ಮುಗಿದು ಅತ್ತಿಗೆ ರೇಜರು ತೊಳೆಯಲು ಬಚ್ಚಲಿಗೆ ಕಾಲಿಟ್ಟರು. ಮೂವರೂ ಒಟ್ಟಿಗೆ ಕಿರುಚಿದೆವು. "ಅಲ್ಲಿ ಬೇಡ!"

ಮರುದಿನ ಬೆಳಿಗ್ಗೆ ಪೋಸ್ಟ್‌ಮ್ಯಾನ್ ಕಟಿಂಗ್ ಶಾಪಿನೊಳಗೆ ಇಣುಕಿ, "ಯಜಮಾನ್ರು ಇಲ್ವಾ?" ಎಂದು ಕೇಳಿದ್ದು ನನಗೆ ಇಲ್ಲಿಗೇ ಕೇಳಿಸಿತು.

"ಊರಲ್ಲಿಲ್ಲ. ಬರೋದು ಆರು ತಿಂಗಳಾಗುತ್ತೆ" ಎಂದ ಮೀಸೆಯಣ್ಣ. "ಕೂತ್ಕೊಳ್ಳಿ, ಅಲ್ಲೀತನಕ ನಾನೇ ನೋಡ್ಕೋತೀನಿ."

ಆಮೇಲೆ ಬಾಗಿಲಿಗೆ ಬಂದು ಬಿಳಿ ಬಟ್ಟೆಯನ್ನು ಬೀದಿಯಲ್ಲಿ ಪಟಪಟನೆ ಕೊಡವಿದ. ಒಳ್ಳೆಯ ಅಭ್ಯಾಸವೇ, ಬೇಡ ಎನ್ನುವ ಹಾಗಿಲ್ಲ. ಗಾಳಿ ಮಾತ್ರ ನನ್ನ ಅಂಗಡಿಯ ಕಡೆಗೇ ಬೀಸುತ್ತದೆ.