ಒಂದು ಕಿರಣವೂ ಬೀಳದಂತೆ

ಮಗಳು ಹುಟ್ಟಿದ್ದು ಏಳೂವರೆ ತಿಂಗಳಿಗೆ, ಚಿಕ್ಕಮಗಳೂರಿನಲ್ಲಿ. ಅದಕ್ಕೆ ಮೊದಲು ಎರಡು ಸಲ ಹೆಂಡತಿಗೆ ಗರ್ಭ ನಿಲ್ಲದೆ ಹೋಗಿತ್ತು. ಇವಳು ಕೈಗೆ ಬಂದಾಗ ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದವೂ ಇರಲಿಲ್ಲ. ಚರ್ಮ ಎಷ್ಟು ತೆಳುವೆಂದರೆ ಹೊಟ್ಟೆಯ ಮೇಲಿನ ನರಗಳು ಎಣಿಸುವ ಹಾಗೆ ಕಾಣುತ್ತಿದ್ದವು. ಕಾಮಾಲೆ ಇದೆಯೆಂದು ಕಣ್ಣಿಗೆ ಬಟ್ಟೆ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದ್ದರು. ಗಾಜಿನಾಚೆ ನಿಂತು ನೋಡುತ್ತಿದ್ದ ನನಗೆ ಆ ಬೆಳಕು ಅವಳನ್ನು ಸುಡುತ್ತಿದೆ ಎಂದೇ ಅನಿಸುತ್ತಿತ್ತು. ಅದು ಗುಣಪಡಿಸುವ ಬೆಳಕೆಂದು ನರ್ಸು ಎರಡು ಸಲ ಹೇಳಿದರೂ ಮನಸ್ಸು ಒಪ್ಪಲಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಹತ್ತಾರು ಮಾತು. ನನ್ನ ತಲೆಯಲ್ಲಿ ಕೂತದ್ದು ಒಂದೇ. ಆರು ತಿಂಗಳಾಗುವವರೆಗೆ ನೇರ ಬಿಸಿಲು ಬೀಳಬಾರದು, ಬಿಸಿಲಿಗೆ ಹಚ್ಚುವ ಕ್ರೀಮೂ ಬೇಡ, ನೆರಳಲ್ಲಿಡಿ, ಗಾಳಿಯಾಡಲಿ. ಕೊನೆಯ ಆ ಒಂದು ಪದವನ್ನೂ ಅವರು ಹೇಳಿದ್ದರೆಂದು ನನಗೆ ನೆನಪಾದದ್ದು ಬಹಳ ತಡವಾಗಿ.

ನಾನು ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಹೊರಡುವ ಮೊದಲು ಮನೆಯ ಪರದೆಗಳನ್ನೆಲ್ಲ ಎಳೆದು, ಅವುಗಳ ಅಂಚಿಗೆ ಪಿನ್ನು ಚುಚ್ಚಿ ಹೋಗುತ್ತಿದ್ದೆ. ಆ ಅರೆಗತ್ತಲಲ್ಲಿ ಹೆಂಡತಿ ಐದು ತಿಂಗಳು ಕಳೆದಳು. ಅವಳು ಶಿರೂರಿನ ಕಡಲ ಬದಿಯಲ್ಲಿ ಹುಟ್ಟಿ ಬೆಳೆದವಳು. ಅತ್ತೆ ಮೀನು ಮಾರುತ್ತಾರೆ, ಅವಳ ಅಣ್ಣ ದೋಣಿಗೆ ಹೋಗುತ್ತಾನೆ. ಬಾಣಂತನಕ್ಕೆ ತವರಿಗೆ ಹೋಗಬೇಕಿದ್ದವಳು ಹೆರಿಗೆ ಮುಂಚೆ ಆದ್ದರಿಂದ ಇಲ್ಲೇ ಉಳಿದಿದ್ದಳು. ಕಾಲೇಜಿಗೆ ಬೇಸಿಗೆ ರಜೆ ಬಂದ ದಿನ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: "ಒಂದ್ ಸಲ ಅಮ್ಮನ್ ಮನಿಗ್ ಹೋಯಿ ಬಪ್ಪ. ನಂಗ್ ಇಲ್ಲಿ ಉಸ್ರ್ ಕಟ್ಟಿದಂಗ್ ಆತ್ತ್."

ಮಳೆ ಹಿಡಿದ ಮೇಲೆ ಹೋಗೋಣ ಎಂದೆ. ಅವಳು ವಾದ ಮಾಡಲಿಲ್ಲ. ಅಳಲೂ ಇಲ್ಲ. ಕೈಯಲ್ಲಿದ್ದ ಪಾತ್ರೆಯನ್ನು ಮತ್ತೊಮ್ಮೆ ತೊಳೆದಳು. ಆ ಪಾತ್ರೆ ಆಗಲೇ ತೊಳೆದದ್ದಾಗಿತ್ತು. ಮರುದಿನವೇ ಬಸ್ಸಿನ ಸಮಯ ವಿಚಾರಿಸಿಕೊಂಡು ಬಂದೆ.

ಹೊರಡುವ ಮೊದಲು ಮಗುವನ್ನು ಮಲಗಿಸಿ ಒಯ್ಯಲು ಹಿಡಿಕೆಯ ಬುಟ್ಟಿಯೊಂದನ್ನು ಕೊಂಡೆ. ದಪ್ಪ ಕಪ್ಪು ಬಟ್ಟೆ ತಂದು ಅದಕ್ಕೆ ಸರಿಯಾಗಿ ಮುಸುಕು ಹೊಲಿಸಿದೆ. ಘಟ್ಟ ಇಳಿದು ಉಡುಪಿಯಲ್ಲಿ ಬಸ್ಸು ಬದಲಿಸಿದಾಗ ಎಡಗಡೆಯ ಸೀಟು ಮಾತ್ರ ಖಾಲಿಯಿತ್ತು. ಮಧ್ಯಾಹ್ನದ ಮೇಲೆ ಉತ್ತರಕ್ಕೆ ಹೋಗುವ ಬಸ್ಸಿನ ಎಡಗಡೆಗೆ ಬಿಸಿಲು ನೇರವಾಗಿ ಬರುತ್ತದೆ. ಬ್ರಹ್ಮಾವರದವರೆಗೆ ನಾನು ಕಿಟಕಿಗೆ ಬೆನ್ನು ಕೊಟ್ಟು ನಿಂತೇ ಇದ್ದೆ. ಅಲ್ಲಿ ಇಳಿಯಲು ಎದ್ದ ಹೆಂಗಸೊಬ್ಬರು ನನ್ನ ಬೆವರಿದ ಅಂಗಿ ನೋಡಿ, "ಬಲಬದಿಗ್ ಬನ್ನಿ ಮಾರಾಯ್ರೆ, ನಾ ಇಳಿತೆ" ಎಂದು ಜಾಗ ಬಿಟ್ಟುಕೊಟ್ಟರು. ಹೆಂಡತಿಗೆ ನನ್ನ ಮೇಲೆ ಮರುಕ ಬಂದಿರಬೇಕು, ಸೆರಗಿನಿಂದ ನನ್ನ ಕತ್ತು ಒರೆಸಿದಳು. ಆ ದಿನ ನಾನು ಒಳ್ಳೆಯ ಅಪ್ಪ ಎಂದು ನನಗೆ ನಾನೇ ಅಂದುಕೊಂಡಿದ್ದೆ.

ಶಿರೂರಿನ ಮನೆಯಂಗಳ ಬಿಳಿ ಮರಳಿನದು. ಮೂಲೆಯಲ್ಲಿ ಮೀನು ಒಣಗುತ್ತಿತ್ತು. ಹತ್ತು ಗಂಟೆಯ ಮೇಲೆ ಅಲ್ಲಿ ಕಣ್ಣು ಬಿಡಲು ಆಗುತ್ತಿರಲಿಲ್ಲ. ನಮಗೆ ಕೊಟ್ಟ ಕೋಣೆಯ ಎರಡು ಕಿಟಕಿಗಳನ್ನೂ ಮುಚ್ಚಿದೆ. ಸಂದಿಗೆ ಪೇಪರು ತುರುಕಿದೆ. ಮಗುವಿಗೆ ಕೈ ಮುಚ್ಚುವ ಅಂಗಿ, ಕಾಲುಚೀಲ, ಟೊಪ್ಪಿ. ಅತ್ತೆ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು.

"ಎಂತ ಇದ್? ಶಿಶುಗೆ ಗಾಳಿ ಬ್ಯಾಡ್ದಾ? ಕಿಟ್ಕಿ ತೆಗ್ದ್ ಬಿಡಿ."

"ಡಾಕ್ಟರು ಹೇಳಿದ್ದಾರೆ ಅತ್ತೆ, ಬಿಸಿಲು ತಾಗಬಾರದು ಅಂತ."

"ನಾವ್ ಮಕ್ಳನ್ನ ಬಿಸ್ಲಗೇ ಸಾಕಿದ್ದ್. ಇವ್ಳನ್ನ ಅಂಗ್ಳದಗೆ ಮಲ್ಗ್ಸಿ ಮೀನ್ ಒಣ್ಸ್ತಿದ್ದೆ. ಎಂತಾ ಆಯ್ಲಿಲ್ಲ."

ನಾನು ನಕ್ಕೆ. ಆ ನಗುವಿನಲ್ಲಿ ಏನಿತ್ತೆಂದು ಅವರಿಗೆ ತಿಳಿಯಿತು. ಓದಿದ ಅಳಿಯ, ಡಾಕ್ಟರ ಮಾತು, ಮಗುವಿಗೆ ಮೊದಲೇ ಹೋದ ಎರಡು ಜೀವ. ಇಷ್ಟರ ಎದುರು ಅವರಾದರೂ ಏನು ಹೇಳಿಯಾರು? ಎರಡು ದಿನಕ್ಕೆ ಮಗುವಿನ ಕತ್ತಿನಲ್ಲಿ, ಬೆನ್ನಿನಲ್ಲಿ ಬೆವರುಸಾಲೆ ಎದ್ದಿತು. ಎಲ್ಲೋ ಬಿಸಿಲು ತಾಗಿದೆ ಎಂದುಕೊಂಡು ನಾನು ಇನ್ನೊಂದು ಅಂಗಿ ತೊಡಿಸಿದೆ.

ಐದನೆಯ ದಿನ ಹೆಂಡತಿ ಕಡಲಿಗೆ ಹೋಗೋಣ ಎಂದಳು. ಮನೆಯಿಂದ ಕಡಲಿಗೆ ಇನ್ನೂರು ಹೆಜ್ಜೆ. ಐದು ದಿನವೂ ಅವಳು ಅದರ ಸದ್ದು ಕೇಳುತ್ತ ಮುಚ್ಚಿದ ಕೋಣೆಯಲ್ಲಿ ಕೂತಿದ್ದಳು. "ಶಿಶುದ್ ಕಾಲ್ ಒಂದ್ ಸಲ ನೀರಗೆ ಅದ್ದ್ಕ್. ಅಷ್ಟೆ. ಮತ್ತೆ ಎಂತ ಕೇಂತಿಲ್ಲೆ" ಎಂದಳು. ದೋಣಿ ಇಡುವ ತೆಂಗಿನ ಮಡಲಿನ ಚಪ್ಪರವಿದೆ, ಅದರ ನೆರಳಲ್ಲಿ ಕೂತರಾಯಿತು ಎಂದು ಅವಳಣ್ಣ ಹೇಳಿದ. ನಾಲ್ಕೂವರೆಗೆ ಹೊರಟೆವು. ಬುಟ್ಟಿಯಲ್ಲಿ ಮಗು, ನನ್ನ ಕೈಯಲ್ಲಿ ಕೊಡೆ.

ಚಪ್ಪರದಲ್ಲಿ ನೆರಳೇನೋ ಇತ್ತು. ಆದರೆ ಅದರ ಬಾಯಿ ಕಡಲ ಕಡೆಗೆ. ಹೊತ್ತು ಇಳಿದಂತೆ ಬಿಸಿಲು ಮಡಲಿನ ಕೆಳಗಿನಿಂದ ಒಳಗೆ ಬರತೊಡಗಿತು. ಬುಟ್ಟಿಯನ್ನು ಹಿಂದಕ್ಕೆ ಸರಿಸಿದೆ, ಹಿಂದೆ ದೋಣಿ. ಕೊಡೆ ಬಿಚ್ಚಿ ಅಡ್ಡ ಹಿಡಿದರೆ ಗಾಳಿಗೆ ಉಲ್ಟಾ ಆಯಿತು.

"ಹ್ವಾಯ್ ಭಾವ, ಕಡ್ಲ್ ಗಾಳಿಗ್ ಕೊಡೆ ನಿಲ್ತಿಲ್ಲೆ, ಮಡ್ಚಿ ಇಡಿ" ಎಂದು ಅವಳಣ್ಣ ಬಲೆಯ ಹತ್ತಿರದಿಂದ ಕೂಗಿದ.

ಹೆಂಡತಿ ಮಗುವನ್ನು ಎತ್ತಿಕೊಳ್ಳಲು ಬಗ್ಗಿದಳು. ಈಗ ಬೇಡ, ಸೂರ್ಯ ಇನ್ನೂ ಕೆಳಗಿಳಿಯಲಿ, ಅಲ್ಲಿಯವರೆಗೆ ನೀನು ಹೋಗಿ ಬಾ, ನಾನು ಕೂತಿರುತ್ತೇನೆ ಎಂದೆ. ಅವಳು ನನ್ನನ್ನೊಮ್ಮೆ, ಬುಟ್ಟಿಯನ್ನೊಮ್ಮೆ ನೋಡಿ ನೀರಿನ ಕಡೆ ನಡೆದಳು. ನಾನು ಕಪ್ಪು ಬಟ್ಟೆ ತೆಗೆದು ಬುಟ್ಟಿಗೆ ಮುಚ್ಚಿದೆ. ಗಾಳಿಗೆ ಹಾರದಂತೆ ಸುತ್ತಲೂ ಅಂಚನ್ನು ಒಳಗೆ ಸೇರಿಸಿದೆ. ಬುಡಕ್ಕೆ ಮರಳು ಒತ್ತಿದೆ. ಎಲ್ಲಾದರೂ ಸಂದಿ ಉಳಿದಿದೆಯೇ ಎಂದು ಸುತ್ತ ಕೈಯಾಡಿಸಿ ನೋಡಿದೆ.

ಮೊದಲು ಮಗಳು ಸ್ವಲ್ಪ ಕುಂಯ್ ಎಂದಳು. ಬುಟ್ಟಿಯನ್ನು ತೂಗಿದೆ. ಆಮೇಲೆ ಸುಮ್ಮನಾದಳು.

ಹೆಂಡತಿ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಅಲೆಗೆ ಎದುರಾಗಿ ನಿಂತಿದ್ದಳು. ದೊಡ್ಡ ಅಲೆ ಬಂದಾಗ ಹಿಂದಕ್ಕೆ ಓಡಿ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ನಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಆ ನಗು ನೋಡುತ್ತಿದ್ದೆ. ಇನ್ನೂ ಸ್ವಲ್ಪ ಹೊತ್ತು ಆಡಲಿ ಎಂದುಕೊಂಡೆ. ಮಗು ಇಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದೆಯಲ್ಲ, ಮುಸುಕು ಎತ್ತಿ ಎಬ್ಬಿಸುವುದೇಕೆ ಎಂದೂ ಅಂದುಕೊಂಡೆ. ಮುಕ್ಕಾಲು ಗಂಟೆ ಕಳೆದಿರಬೇಕು. ಆ ಮುಕ್ಕಾಲು ಗಂಟೆಯೂ ನಾನು ಸಂತೋಷವಾಗಿದ್ದೆ. ಇದನ್ನು ಬರೆಯಲು ನನಗೆ ಎಲ್ಲಕ್ಕಿಂತ ಕಷ್ಟವಾಗುತ್ತದೆ.

ಅವಳು ಬೊಗಸೆಯಲ್ಲಿ ಕಡಲ ನೀರು ಹಿಡಿದುಕೊಂಡು, ಚೆಲ್ಲದ ಹಾಗೆ ಸಣ್ಣ ಹೆಜ್ಜೆ ಇಡುತ್ತ ಬಂದಳು. "ತೆಗಿನಿ ಬಟ್ಟಿ, ಕಾಲಿಗ್ ಹಾಕ್ತೆ" ಎಂದಳು. ನಾನು ತೆಗೆದೆ.

ಮಗುವಿನ ಮುಖ ಕೆಂಪು. ಬೆವರಿಲ್ಲ, ಒಂದು ಹನಿಯೂ ಇಲ್ಲ. ಕಣ್ಣು ಅರ್ಧ ತೆರೆದಿತ್ತು, ನೋಟವಿರಲಿಲ್ಲ. ಕೆನ್ನೆ ಮುಟ್ಟಿದರೆ ಒಲೆಯ ಮೇಲಿಂದ ಇಳಿಸಿದ ಪಾತ್ರೆ ಮುಟ್ಟಿದಂತಾಯಿತು. ಎತ್ತಿಕೊಂಡಾಗ ಕತ್ತು ಹಿಂದಕ್ಕೆ ಬಿತ್ತು. ಬೊಗಸೆಯ ನೀರು ಯಾವಾಗ ಚೆಲ್ಲಿತೋ ಗೊತ್ತಿಲ್ಲ, ಹೆಂಡತಿ "ಅಣ್ಣಾ" ಎಂದು ಕಿರುಚಿದ್ದು ಮಾತ್ರ ಗೊತ್ತು.

ಅವಳಣ್ಣ ಬಲೆ ಬಿಟ್ಟು ಓಡಿ ಬಂದ. "ಬಟ್ಟಿ ತೆಗಿ, ಎಲ್ಲಾ ತೆಗಿ!" ಅವನೇ ಟೊಪ್ಪಿ ಕಿತ್ತ, ಎರಡು ಅಂಗಿ, ಕಾಲುಚೀಲ ಎಲ್ಲವನ್ನೂ ಕಿತ್ತ. ಹೆಗಲ ಮೇಲಿನ ಬೈರಾಸು ಟವೆಲನ್ನು ಕುಡಿಯುವ ನೀರಿನಲ್ಲಿ ಅದ್ದಿ ಅವಳ ಮೈಗೆ ಸುತ್ತಿ, ಎದೆಗವಚಿಕೊಂಡು ಓಡಿದ. ನಾನು ಹಿಂದೆ ಓಡಿದೆ. ಕೈಯಲ್ಲಿ ಆ ಕಪ್ಪು ಬಟ್ಟೆ ಮಾತ್ರ ಉಳಿದ ಬುಟ್ಟಿ ಏಕಿತ್ತೋ ತಿಳಿಯದು.

ನೆರೆಮನೆಯವರ ಓಮ್ನಿಯಲ್ಲಿ ಕುಂದಾಪುರಕ್ಕೆ ಹೊರಟೆವು. ಅತ್ತೆಯ ಮಡಿಲಲ್ಲಿ ಮಗು, ಅವರು ಒದ್ದೆ ಬಟ್ಟೆ ಬದಲಿಸುತ್ತ ರಟ್ಟಿನಿಂದ ಗಾಳಿ ಬೀಸುತ್ತಿದ್ದರು. ಮರವಂತೆಯಲ್ಲಿ ರಸ್ತೆ ಕಡಲ ಮಗ್ಗುಲಿಗೆ ಬಂದಾಗ ಇಳಿಬಿಸಿಲು ಕಿಟಕಿಯಿಂದ ಅವಳ ಬರಿಮೈ ಮೇಲೆ ಪೂರ್ತಿ ಬಿತ್ತು. ನಾನು ಅಭ್ಯಾಸಬಲದಿಂದ ಅಂಗೈ ಚಾಚಿ ಅಡ್ಡ ಹಿಡಿದೆ. ಅತ್ತೆ ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದರು.

ಆಸ್ಪತ್ರೆ ತಲುಪುವ ಮೊದಲೇ ಒಂದು ಸಲ ಸೆಳೆತ ಬಂತು. ಒಳಗೆ ಹೋದ ಮೇಲೆ ಇನ್ನೊಂದು ಸಲ. ಸುಮಾರು ಹೊತ್ತಾದ ಮೇಲೆ ಹೊರಗೆ ಬಂದ ಡಾಕ್ಟರು ನನ್ನ ವಯಸ್ಸಿನ ಹೆಂಗಸು. "ಬಿಸಿಲಿನಲ್ಲಿ ಎಷ್ಟು ಹೊತ್ತು ಇತ್ತು ಮಗು?" ಎಂದು ಕೇಳಿದರು.

"ಇಲ್ಲವೇ ಇಲ್ಲ ಡಾಕ್ಟ್ರೆ. ಒಂದು ಕಿರಣವೂ ಬಿದ್ದಿಲ್ಲ. ಪೂರ್ತಿ ಮುಚ್ಚಿದ್ದೆ."

"ಯಾವುದರಿಂದ?"

ಬಟ್ಟೆ ಬುಟ್ಟಿಯಲ್ಲೇ ಇತ್ತು. ತೋರಿಸಿದೆ. ಅವರು ಅದನ್ನು ಬೆರಳಲ್ಲಿ ಹಿಡಿದು ದಪ್ಪ ನೋಡಿದರು. ಬೈಯಲಿಲ್ಲ. "ಇಷ್ಟು ಸಣ್ಣ ಮಕ್ಕಳಿಗೆ ಮೈಯ ಬಿಸಿ ಹೊರಗೆ ಬಿಡುವ ಶಕ್ತಿ ಕಡಿಮೆ. ಬಿಸಿಲು ತಡೆದಿರಿ, ಸರಿ. ಗಾಳಿಯನ್ನೂ ತಡೆದಿರಿ" ಎಂದರು. ಹೆಂಡತಿ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಅವಳ ಸೀರೆಯಂಚು ಇನ್ನೂ ಒದ್ದೆಯಿತ್ತು, ಕಾಲಿಗೆ ಮರಳು ಮೆತ್ತಿತ್ತು.

ಹಟ್ಟಿಯಂಗಡಿ ಗಣಪತಿಗೆ ಅತ್ತೆ ಹರಕೆ ಹೊತ್ತರು. ನಾಲ್ಕನೆಯ ದಿನ ಮಗಳು ಕಣ್ಣು ತೆರೆದು ನೋಡಿದಳು. ಎಲ್ಲರೂ ಕೈ ಮುಗಿದರು. ನಾನೂ ಮುಗಿದೆ. ಆದರೆ ಅವಳ ನೋಟ ನನ್ನ ಮುಖದ ಮೇಲೆ ನಿಲ್ಲದೆ ಜಾರಿ ಹೋದದ್ದು ನನಗೆ ಆಗಲೇ ಕಂಡಿತ್ತು.

ಈಗ ಅವಳಿಗೆ ಎರಡು ತುಂಬಿ ನಾಲ್ಕು ತಿಂಗಳು. ಆಸರೆ ಕೊಟ್ಟರೆ ಕೂರುತ್ತಾಳೆ. ಬಲಗೈ ಮುಷ್ಟಿ ಬಿಚ್ಚುವುದಿಲ್ಲ. ಸೆಳೆತ ಬರದಂತೆ ದಿನಕ್ಕೆರಡು ಸಲ ಔಷಧ. ಇದು ಅವಧಿಗೆ ಮುಂಚೆ ಹುಟ್ಟಿದ್ದರಿಂದಲೋ, ಆ ಸಂಜೆಯಿಂದಲೋ ಎಂದು ಮೂವರು ಡಾಕ್ಟರನ್ನು ಕೇಳಿದೆ. ಖಚಿತವಾಗಿ ಹೇಳಲಾಗದು ಎಂದರು ಮೂವರೂ. ನನಗೆ ಸಮಾಧಾನವಾಗಲೆಂದು ಹಾಗೆ ಹೇಳಿದರೋ, ನಿಜವಾಗಿಯೂ ತಿಳಿಯದೋ. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಎದ್ದು, ಅದನ್ನು ಹೊತ್ತುಕೊಂಡೇ ಮಲಗುತ್ತೇನೆ.

ಹೆಂಡತಿ ಒಂದು ದಿನವೂ ನನ್ನನ್ನು ದೂರಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ನಮ್ಮಿಬ್ಬರ ನಡುವೆ ಏನಾದರೂ ಉಳಿಯುತ್ತಿತ್ತೇನೋ. ಒಂದು ಸಲ ಮಾತ್ರ, ಮಗುವಿನ ಕೈಗೆ ಎಣ್ಣೆ ತಿಕ್ಕುತ್ತ, ತಲೆ ಎತ್ತದೆ ಹೇಳಿದಳು: "ನಾ ನೀರಗೆ ಆಡ್ತಾ ಇದ್ದೆ." ತಪ್ಪು ನನ್ನದು, ನಿನ್ನದಲ್ಲ ಎಂದೆ. ಅವಳು ತಲೆಯಾಡಿಸಿದಳು. ಒಪ್ಪಿದ್ದಕ್ಕಲ್ಲ, ಮಾತು ಸಾಕೆಂದು. ಅಂದಿನಿಂದ ಅವಳು ಕಡಲಿಗೆ ಇಳಿದಿಲ್ಲ. ಶಿರೂರಿಗೆ ಹೋದರೂ ಕಡಲ ಕಡೆಯ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾಳೆ.

ಕೋಟೇಶ್ವರದ ಹತ್ತಿರ ಇಂಥ ಮಕ್ಕಳಿಗೆ ವ್ಯಾಯಾಮ ಮಾಡಿಸುವವರೊಬ್ಬರು ಇದ್ದಾರೆಂದು ಹೆಂಡತಿಯ ಅಣ್ಣ ಹೇಳಿದ್ದರಿಂದ ಈ ಏಪ್ರಿಲ್‌ನಲ್ಲಿ ಮತ್ತೆ ಕರಾವಳಿಗೆ ಹೋಗಿದ್ದೆವು. ನೋಡಿದವರು ಒಂದಷ್ಟು ಕಲಿಸಿಕೊಟ್ಟು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ವಾಪಸು ಹೋಗಲು ಹೆದ್ದಾರಿ ಬದಿಯ ಬಸ್‌ಸ್ಟಾಪಿನಲ್ಲಿ ನಿಂತಿದ್ದೆವು. ನಡುಮಧ್ಯಾಹ್ನ. ನಮ್ಮ ಪಕ್ಕದಲ್ಲಿ ಒಬ್ಬ ತಾಯಿ. ಹೆಗಲ ಮೇಲೆ ಮೂರ್ನಾಲ್ಕು ತಿಂಗಳ ಕೂಸು, ತಲೆಯಿಂದ ಕಾಲಿನವರೆಗೆ ದಪ್ಪ ಟವೆಲು ಹೊದಿಸಿದ್ದಳು. ಮುಖವೂ ಕಾಣುತ್ತಿರಲಿಲ್ಲ.

ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡೆ. ಬಾಯಿ ಬರಲಿಲ್ಲ. ಹೆಂಡತಿ ಮಗಳನ್ನು ನನ್ನ ಕೈಗಿತ್ತು ಆ ತಾಯಿಯ ಹತ್ತಿರ ಹೋದಳು. ಟವೆಲಿನ ಅಂಚನ್ನು ಮೆಲ್ಲಗೆ ಎತ್ತಿ, "ಸ್ವಲ್ಪ ಗಾಳಿ ಬರ್ಲಿ ಬಿಡಿ, ಶಿಶುಗೆ ಸೆಕಿ ಆತ್ತ್" ಎಂದಳು.

ಆ ತಾಯಿ ಹಿಂದೆ ಸರಿದಳು. "ಬಿಸ್ಲ್ ಕಾಂತಿಲ್ಯಾ ನಿಮ್ಗೆ? ಎಳೇ ಶಿಶು" ಎಂದು ಟವೆಲನ್ನು ಮತ್ತೆ ಎಳೆದು ಸುತ್ತಿದಳು. ಆಮೇಲೆ ನನ್ನ ಕೈಯಲ್ಲಿದ್ದ ಮಗಳನ್ನು, ಅವಳ ಜೋಲುತ್ತಿದ್ದ ತಲೆಯನ್ನು, ಬಿಗಿದ ಮುಷ್ಟಿಯನ್ನು ನೋಡಿ, ತನ್ನ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

ಅವರ ಬಸ್ಸು ಮೊದಲು ಬಂತು. ಹತ್ತಿಹೋದರು. ಹೆಂಡತಿ ರಸ್ತೆಯಂಚಿನಲ್ಲಿ ನಿಂತೇ ಇದ್ದಳು. ನಾನು ಹತ್ತಿರ ಹೋಗಿ ನಿಂತೆ. ಅವಳು ಕೈ ಚಾಚಿ ಮಗಳನ್ನು ತೆಗೆದುಕೊಂಡಳು, ನನ್ನ ಕಡೆ ನೋಡಲಿಲ್ಲ.